ಪಿನಿನ್ ಫರೀನಾ: ಹಲವು ಕಾರುಗಳಿಗೆ ಒಂದೇ ಮುಖ ಕೊಟ್ಟವರು



ಇಂದಿನ ಯಾವುದೇ ಹೊಸ ಕಾರಿನ ಲೋಗೋವನ್ನು ಮುಚ್ಚಿಬಿಟ್ಟರೆ ಅದು ಯಾವ ಕಂಪನಿಯದು ಎಂದು ಹೇಳುವುದು ಕಷ್ಟ. ಎಲ್ಲದಕ್ಕೂ ಅದೇ ಎತ್ತರದ ಬಾನೆಟ್, ಅದೇ ಹಿಂದಕ್ಕೆ ವಾಲಿದ ಗಾಜು, ಅದೇ ಸಣ್ಣ ಕಣ್ಣಿನಂಥ ದೀಪ. ಆದರೆ ನಾವು ಕಾಮರ್ಸ್ ವಿದ್ಯಾರ್ಥಿಗಳು ಮಾರುಕಟ್ಟೆ ಪಾಠದಲ್ಲಿ ಓದುವುದು ಇದಕ್ಕೆ ವಿರುದ್ಧ. ಪ್ರತಿ ಕಂಪನಿಯೂ ತನ್ನ ವಸ್ತು ಬೇರೆಯವರಿಗಿಂತ ಭಿನ್ನವಾಗಿ ಕಾಣುವಂತೆ ಮಾಡಬೇಕು, ಬ್ರ್ಯಾಂಡ್ ಎಂದರೆ ಅದೇ ಎಂದು ಪುಸ್ತಕ ಹೇಳುತ್ತದೆ. ಹಾಗಿದ್ದರೆ ಜಾಹೀರಾತಿಗೆ ಕೋಟಿಗಟ್ಟಲೆ ಸುರಿಯುವ ಕಂಪನಿಗಳು ಒಂದೇ ತರಹದ ಕಾರನ್ನು ಏಕೆ ಮಾಡುತ್ತವೆ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಇಟಲಿಯ ಒಬ್ಬ ಕುಶಲಕರ್ಮಿಯ ಜೀವನ. ಅವರ ಹೆಸರು ಬತ್ತಿಸ್ತಾ ಫರೀನಾ. ಲೋಕಕ್ಕೆ ಅವರು ಪಿನಿನ್ ಫರೀನಾ. ಜಗತ್ತಿನ ಅತ್ಯಂತ ಸುಂದರ ಕಾರುಗಳನ್ನು ರೂಪಿಸಿದವರಲ್ಲಿ ಒಬ್ಬರು ಎಂದು ಅವರನ್ನು ನೆನೆಯುತ್ತಾರೆ. ಆದರೆ ಕಾರುಗಳು ಒಂದರಂತೆ ಒಂದು ಕಾಣಲು ಶುರುವಾದದ್ದರಲ್ಲೂ ಅವರ ಕೈ ಇತ್ತು. ಇವೆರಡೂ ಒಬ್ಬರೇ ಮನುಷ್ಯನ ಬದುಕಿನಲ್ಲಿ ಹೇಗೆ ಸೇರಿದವು ಎಂಬುದನ್ನೇ ಇಲ್ಲಿ ಹೇಳುತ್ತೇನೆ.

ಬತ್ತಿಸ್ತಾ ಹುಟ್ಟಿದ್ದು 1893ರ ನವೆಂಬರ್ 2ರಂದು, ಉತ್ತರ ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದಲ್ಲಿ. ಹನ್ನೊಂದು ಮಕ್ಕಳಲ್ಲಿ ಇವರು ಹತ್ತನೆಯವರು. ಆ ಸೀಮೆಯ ಮಾತಿನಲ್ಲಿ ಪಿನಿನ್ ಎಂದರೆ ಚಿಕ್ಕವನು. ನಮ್ಮ ಮನೆಗಳಲ್ಲಿ ಛೋಟೂ ಎಂದು ಕರೆಯುತ್ತಾರಲ್ಲ, ಹಾಗೆ. ಮನೆಯವರು ಪ್ರೀತಿಯಿಂದ ಕರೆದ ಆ ಹೆಸರು ಮುಂದೆ ಕಾರುಗಳ ಮೇಲೆ ಅಚ್ಚಾಗಿ ಲೋಕವನ್ನೆಲ್ಲ ಸುತ್ತಿತು.

ಹನ್ನೆರಡರ ಆಸುಪಾಸಿನ ವಯಸ್ಸಿನಲ್ಲೇ ಅವರು ಟ್ಯೂರಿನ್ ನಗರದಲ್ಲಿ ಅಣ್ಣ ಜೊವಾನ್ನಿಯ ವರ್ಕ್‌ಶಾಪಿಗೆ ಕೆಲಸಕ್ಕೆ ಸೇರಿದರು. ಅಲ್ಲಿ ಕಟ್ಟುತ್ತಿದ್ದದ್ದು ಗಾಡಿಗಳ ಬಾಡಿ. ಆ ಕಾಲದ ಕಾರು ವ್ಯಾಪಾರ ಇಂದಿನಂತೆ ಇರಲಿಲ್ಲ. ದುಬಾರಿ ಕಾರುಗಳ ಕಂಪನಿ ಬಹಳ ಸಲ ಎಂಜಿನ್, ಚಕ್ರ ಮತ್ತು ಚಾಸಿ ಮಾತ್ರ ಮಾರುತ್ತಿತ್ತು. ಕೊಂಡವರು ಆ ಚಾಸಿಯನ್ನು ಬಾಡಿ ಕಟ್ಟುವವರ ಹತ್ತಿರ ಒಯ್ಯಬೇಕು. ಅವರು ಮರದ ಚೌಕಟ್ಟು ಮಾಡಿ, ಅದರ ಮೇಲೆ ತಗಡನ್ನು ಸುತ್ತಿಗೆಯಿಂದ ಬಡಿದು ಬಗ್ಗಿಸಿ ಕೂರಿಸುತ್ತಿದ್ದರು. ನಮ್ಮಲ್ಲಿ ಇಂದಿಗೂ ಲಾರಿಗಳಿಗೆ ಹೀಗೆ ಬಾಡಿ ಕಟ್ಟಿಸುತ್ತಾರೆ. ಬಟ್ಟೆ ಕೊಂಡು, ದರ್ಜಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ಒಂದೇ ಕಂಪನಿಯ ಎರಡು ಕಾರುಗಳು ಕೂಡ ಒಂದೇ ಥರ ಕಾಣಬೇಕಾಗಿರಲಿಲ್ಲ.

ಪಿನಿನ್ ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಆದರೆ ಕಣ್ಣು ಮತ್ತು ಕೈ ಎರಡೂ ಚುರುಕು. ಹದಿನೆಂಟರ ಹೊತ್ತಿಗೆ ಅವರು ಫಿಯೆಟ್ ಝೀರೋ ಎಂಬ ಸಣ್ಣ ಕಾರಿಗೆ ರೇಡಿಯೇಟರಿನ ಮುಂಭಾಗವನ್ನು ರೂಪಿಸಿ ತೋರಿಸಿದರು. ಫಿಯೆಟ್ ಕಂಪನಿಯ ಮುಖ್ಯಸ್ಥ ಜೊವಾನ್ನಿ ಆಗ್ನೆಲ್ಲಿ ತಮ್ಮ ಕಂಪನಿಯವರು ಮಾಡಿದ್ದನ್ನು ಬಿಟ್ಟು ಈ ಹುಡುಗ ಮಾಡಿದ್ದನ್ನೇ ಆರಿಸಿದರು. ನಮ್ಮ ವಯಸ್ಸಿನವರೊಬ್ಬರು ದೊಡ್ಡ ಕಂಪನಿಯ ಎದುರು ಗೆದ್ದರು ಎಂದು ಓದಿದಾಗ ನನಗೆ ಬಹಳ ಖುಷಿಯಾಯಿತು.

1920ರಲ್ಲಿ ಪಿನಿನ್ ಅಮೆರಿಕಕ್ಕೆ ಹೋದರು. ಡೆಟ್ರಾಯಿಟ್‌ನಲ್ಲಿ ಹೆನ್ರಿ ಫೋರ್ಡರನ್ನು ಕಂಡರು. ಫೋರ್ಡ್ ಕಾರ್ಖಾನೆಯಲ್ಲಿ ಆಗ ಮಾಡೆಲ್ ಟಿ ಕಾರು ಚಲಿಸುವ ಅಸೆಂಬ್ಲಿ ಲೈನಿನಲ್ಲಿ ತಯಾರಾಗುತ್ತಿತ್ತು. ಹಿಂದೆ ಒಂದು ಚಾಸಿ ಜೋಡಿಸಲು ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಈ ಪದ್ಧತಿ ಬಂದ ಮೇಲೆ ಅದು ಸುಮಾರು ಒಂದೂವರೆ ಗಂಟೆಗೆ ಇಳಿಯಿತು. 1914ರಿಂದ 1925ರವರೆಗೆ ಆ ಕಾರು ಕಪ್ಪು ಬಣ್ಣದಲ್ಲಿ ಮಾತ್ರ ಬರುತ್ತಿತ್ತು. ಟೇಲರ್ ಸಿದ್ಧಾಂತದಲ್ಲಿ ನಾವು ಓದುವ ಪ್ರಮಾಣೀಕರಣ ಎಂದರೆ ಏನೆಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದಿತ್ತು. ಫೋರ್ಡ್ ಅವರು ಪಿನಿನ್‌ಗೆ ಕೆಲಸ ಕೊಡಲು ಮುಂದೆ ಬಂದರು. ಪಿನಿನ್ ಒಪ್ಪದೆ ಊರಿಗೆ ಮರಳಿದರು. ಆದರೆ ಅಲ್ಲಿ ಕಂಡದ್ದನ್ನು ಅವರು ಮರೆಯಲಿಲ್ಲ ಎಂಬುದು ಅವರ ಮುಂದಿನ ಕೆಲಸದಿಂದಲೇ ತಿಳಿಯುತ್ತದೆ.

1930ರಲ್ಲಿ, ಮೂವತ್ತಾರನೇ ವಯಸ್ಸಿನಲ್ಲಿ, ಅವರು ಅಣ್ಣನ ವರ್ಕ್‌ಶಾಪ್ ಬಿಟ್ಟು ಟ್ಯೂರಿನ್‌ನಲ್ಲೇ ತಮ್ಮದೇ ಕಂಪನಿ ಆರಂಭಿಸಿದರು. ಹೆಂಡತಿಯ ಕಡೆಯವರು ಹಣದ ಸಹಾಯ ಮಾಡಿದರು. ಬೆನ್ನಿಗೆ ನಿಂತ ಇನ್ನೊಬ್ಬರು ಲಾನ್ಚಿಯಾ ಕಂಪನಿಯ ಮಾಲೀಕ ವಿನ್ಚೆಂಜೊ ಲಾನ್ಚಿಯಾ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಪಿನಿನ್‌ಗೆ ಅಂಗಡಿ ಹಾಕಲು ನೆರವಾದ ಇದೇ ಲಾನ್ಚಿಯಾ, ಬಾಡಿ ಕಟ್ಟುವವರ ಕಸುಬನ್ನೇ ಮುಂದೆ ಮುಗಿಸಲಿದ್ದ ಒಂದು ಹೊಸ ಬಗೆಯನ್ನು 1922ರಲ್ಲೇ ತಮ್ಮ ಲಾಂಬ್ಡಾ ಕಾರಿನಲ್ಲಿ ಮಾರುಕಟ್ಟೆಗೆ ತಂದಿದ್ದರು.

ಲಾಂಬ್ಡಾದಲ್ಲಿ ಕೆಳಗೆ ಬೇರೆ ಚಾಸಿ ಇರಲಿಲ್ಲ. ಬಾಡಿಯೇ ಭಾರ ಹೊರುತ್ತಿತ್ತು. ಮೊಟ್ಟೆಯ ಚಿಪ್ಪಿಗೆ ಒಳಗೆ ಮೂಳೆ ಇಲ್ಲದಿದ್ದರೂ ಚಿಪ್ಪೇ ಗಟ್ಟಿಯಾಗಿ ನಿಲ್ಲುವುದಿಲ್ಲವೇ, ಹಾಗೆ. ಇದನ್ನು ಮೊನೊಕಾಕ್ ಎನ್ನುತ್ತಾರೆ. ಕಾರು ಹಗುರವಾಗುತ್ತದೆ, ತಗ್ಗಾಗುತ್ತದೆ, ಪೆಟ್ರೋಲ್ ಉಳಿಯುತ್ತದೆ. ಇಂದಿನ ಬಹುತೇಕ ಕಾರುಗಳು ಹೀಗೇ ಇವೆ. ಆದರೆ ಚಾಸಿಯೇ ಇಲ್ಲದ ಮೇಲೆ ಅದರ ಮೇಲೆ ಬೇರೆಯವರು ಬಾಡಿ ಕಟ್ಟುವುದು ಹೇಗೆ? ಇನ್ನೊಂದು ವಿಷಯವೂ ಇದೆ. ಉಕ್ಕಿನ ಬಾಡಿಯನ್ನು ದೊಡ್ಡ ಪ್ರೆಸ್ ಯಂತ್ರದಲ್ಲಿ ಒತ್ತಿ ತೆಗೆಯಲು ಪ್ರತಿ ಭಾಗಕ್ಕೂ ಒಂದು ಡೈ ಬೇಕು. ಡೈಗಳಿಗೆ ಹಾಕುವ ಬಂಡವಾಳ ಭಾರಿ. ಆ ಹಣ ವಾಪಸ್ ಬರಬೇಕಾದರೆ ಅದೇ ಆಕಾರದ ಕಾರು ಲಕ್ಷಗಟ್ಟಲೆ ಮಾರಾಟವಾಗಬೇಕು. ಸ್ಥಿರ ವೆಚ್ಚ ಹೆಚ್ಚಿದಷ್ಟೂ ಹೆಚ್ಚು ಸಂಖ್ಯೆಯ ಮೇಲೆ ಹಂಚಬೇಕು ಎಂಬ ನಮ್ಮ ಲೆಕ್ಕ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಕಾರುಗಳು ಒಂದೇ ಥರ ಆಗಲು ಮೊದಲ ಕಾರಣ ಈ ಡೈಗಳ ಲೆಕ್ಕವೇ.

ಈ ಭಾಗ ಓದುವಾಗ ನನಗೆ ನೆನಪಾದದ್ದು ನನ್ನ ಚಾಚಾ. ಅವರು ಇಪ್ಪತ್ತೈದು ವರ್ಷಗಳಿಂದ ಟಿಂಕರಿಂಗ್ ಕೆಲಸ ಮಾಡುತ್ತಿದ್ದಾರೆ. ಜಜ್ಜಿದ ಬಾಗಿಲನ್ನು ಒಳಗಿನಿಂದ ಡಾಲಿ ಹಿಡಿದು ಹೊರಗಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಮೊದಲಿನಂತೆ ಮಾಡಬಲ್ಲರು. ಸರಿಯಾಗಿದೆಯೋ ಇಲ್ಲವೋ ಎಂದು ಕಣ್ಣು ಮುಚ್ಚಿ ಅಂಗೈ ಆಡಿಸಿ ಹೇಳುತ್ತಾರೆ. ಈಗ ಅಂಥ ಕೆಲಸ ಕಡಿಮೆಯಾಗಿದೆ. ಬಾಗಿಲು ಜಜ್ಜಿದರೆ ಹಳೆಯದನ್ನು ತೆಗೆದು ಹೊಸದನ್ನು ಹಾಕಿಸುತ್ತಾರೆ, ಬಂಪರ್ ಪ್ಲಾಸ್ಟಿಕ್ ಆಗಿದೆ, ಇನ್ಶೂರೆನ್ಸ್ ಇರುವವರು ಶೋರೂಮಿಗೇ ಹೋಗುತ್ತಾರೆ. ಅವರ ಮಗ, ನನ್ನ ಭಾಯಿ, ಅದೇ ಕೆಲಸ ಹಿಡಿಯಬೇಕೋ ಬೇಡವೋ ಎಂಬ ಮಾತು ಮನೆಯಲ್ಲಿ ನಡೆಯುತ್ತಲೇ ಇರುತ್ತದೆ. ಹಾಗಾಗಿ ಕಸುಬಿನ ನೆಲವೇ ಕಾಲ ಕೆಳಗಿಂದ ಸರಿಯುವಾಗ ಪಿನಿನ್ ಏನು ಮಾಡಿದರು ಎಂಬುದು ನನಗೆ ಬರೀ ಕಾರಿನ ಕಥೆಯಾಗಿ ಉಳಿಯಲಿಲ್ಲ.

ಎರಡನೇ ಮಹಾಯುದ್ಧ ಮುಗಿದಾಗ ಇಟಲಿ ಸೋತ ದೇಶ. 1946ರಲ್ಲಿ ಪ್ಯಾರಿಸ್‌ನಲ್ಲಿ ಕಾರು ಪ್ರದರ್ಶನ ನಡೆಯಿತು. ಅದರಲ್ಲಿ ಇಟಲಿಯವರಿಗೆ ಜಾಗ ಕೊಡಲಿಲ್ಲ. ಪಿನಿನ್ ಮತ್ತು ಅವರ ಮಗ ಸೆರ್ಜಿಯೊ ಎರಡು ಕಾರುಗಳನ್ನು ತಾವೇ ಓಡಿಸಿಕೊಂಡು ಟ್ಯೂರಿನ್‌ನಿಂದ ಪ್ಯಾರಿಸ್‌ಗೆ ಹೋದರು. ಒಂದು ಆಲ್ಫಾ ರೋಮಿಯೊ, ಒಂದು ಲಾನ್ಚಿಯಾ. ಕಾರುಗಳನ್ನು ತೊಳೆದು ಒರೆಸಿ, ಪ್ರದರ್ಶನ ನಡೆಯುತ್ತಿದ್ದ ಗ್ರಾನ್ ಪಾಲೆ ಕಟ್ಟಡದ ಬಾಗಿಲ ಹೊರಗೆ ನಿಲ್ಲಿಸಿದರು. ಒಳಗೆ ಹೋಗುವವರೂ ಹೊರಗೆ ಬರುವವರೂ ಮೊದಲು ಇವನ್ನೇ ನಿಂತು ನೋಡಿದರು. ಬಾಗಿಲು ಮುಚ್ಚಿದವರ ಜೊತೆ ಜಗಳ ಮಾಡದೆ, ಬಾಗಿಲ ಹೊರಗೇ ತನ್ನ ಮಾಲು ಇಟ್ಟು ತೋರಿಸಿದ ಈ ವ್ಯಾಪಾರಿಯ ಧೈರ್ಯ ನನಗೆ ಅವರ ಜೀವನದಲ್ಲೇ ತುಂಬಾ ಇಷ್ಟವಾದ ಘಟನೆ.

ಮರುವರ್ಷ, 1947ರಲ್ಲಿ, ಚಿಸಿಟಾಲಿಯಾ 202 ಎಂಬ ಸಣ್ಣ ಕಾರಿಗೆ ಬಾಡಿ ಮಾಡಿದರು. ಅದುವರೆಗೆ ಕಾರೆಂದರೆ ಹಲವು ತುಂಡುಗಳ ಜೋಡಣೆ: ಬಾನೆಟ್ ಬೇರೆ, ಮಡ್‌ಗಾರ್ಡ್ ಬೇರೆ, ಎದ್ದು ನಿಂತ ಹೆಡ್‌ಲೈಟ್ ಬೇರೆ. ಪಿನಿನ್ ಇವನ್ನೆಲ್ಲ ಒಂದೇ ಚರ್ಮದೊಳಗೆ ಸೇರಿಸಿದರು. ಮುಂದಿನಿಂದ ಹಿಂದಿನವರೆಗೆ ತಗಡು ನೀರು ಹರಿದಂತೆ ಹರಿಯಿತು. 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಎಂಟು ಕಾರುಗಳನ್ನು ಕಲಾಕೃತಿಗಳಂತೆ ಪ್ರದರ್ಶನಕ್ಕಿಟ್ಟಿತು. ಅದರಲ್ಲಿ ಈ ಕಾರೂ ಒಂದು. ಮುಂದೆ ಅದೇ ಸಂಗ್ರಹಾಲಯ ಒಂದು ಚಿಸಿಟಾಲಿಯಾವನ್ನು ಶಾಶ್ವತವಾಗಿ ತನ್ನಲ್ಲಿ ಇಟ್ಟುಕೊಂಡಿತು. ಕಾರು ತಯಾರಾದದ್ದು ಕೆಲವೇ ನೂರರೊಳಗೆ. ಆದರೆ ಆ ಆಕಾರವನ್ನು ಕಂಡ ಮೇಲೆ ಬೇರೆ ಬೇರೆ ದೇಶಗಳ ಕಂಪನಿಗಳೂ ಅದೇ ದಾರಿ ಹಿಡಿದವು. ಒಳ್ಳೆಯ ಆಕಾರವನ್ನು ಎಲ್ಲರೂ ಅನುಸರಿಸುವುದು ಒಂದೇ ತರಹ ಆಗಲು ಎರಡನೇ ಕಾರಣ.

ಈ ಹೆಸರಿನ ಬಲದಿಂದ ದೊಡ್ಡ ಗಿರಾಕಿಗಳು ಬಂದರು. ಅಮೆರಿಕದ ನ್ಯಾಶ್ ಕಂಪನಿ ಬಂತು. ಫೆರಾರಿಯ ಮಾಲೀಕ ಎಂಜೊ ಫೆರಾರಿಯವರ ಜೊತೆ ಮಾತುಕತೆ ನಡೆಯಬೇಕಿತ್ತು. ಇಬ್ಬರೂ ಸ್ವಾಭಿಮಾನಿಗಳು. ಇವರು ಅಲ್ಲಿಗೆ ಹೋಗಲಾರರು, ಅವರು ಇಲ್ಲಿಗೆ ಬರಲಾರರು. ಕೊನೆಗೆ ಎರಡೂ ಊರುಗಳ ನಡುವೆ ಇದ್ದ ತೊರ್ತೋನಾ ಎಂಬ ಊರಿನ ಹೋಟೆಲಿನಲ್ಲಿ 1951ರಲ್ಲಿ ಭೇಟಿಯಾದರು. ಅಲ್ಲಿ ಶುರುವಾದ ಸಂಬಂಧ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು.

ಆದರೆ ಫೆರಾರಿ ಕೊಳ್ಳುವವರು ಎಷ್ಟು ಜನ? ಶ್ರೀಮಂತರ ಆರ್ಡರುಗಳಿಂದ ಮಾತ್ರ ಕಾರ್ಖಾನೆ ನಡೆಯುವುದಿಲ್ಲ. ಮೊನೊಕಾಕ್ ಹರಡುತ್ತಿದ್ದಂತೆ ಯೂರೋಪಿನಲ್ಲಿ ಬಾಡಿ ಕಟ್ಟುವ ವರ್ಕ್‌ಶಾಪುಗಳು ಒಂದೊಂದಾಗಿ ಮುಚ್ಚಿದವು. ಪಿನಿನ್ ಕೆಲಸ ಕಲಿತ ಅಣ್ಣನ ಕಂಪನಿಯೂ 1953ರಲ್ಲಿ ಬಾಗಿಲು ಹಾಕಿತು. ಪಿನಿನ್ ಉಳಿದರು. ಏಕೆಂದರೆ ಅವರು ಎರಡು ಕೆಲಸ ಮಾಡಿದರು. ಒಂದು, ಆಲ್ಫಾ ರೋಮಿಯೊ ಜೂಲಿಯೆಟ್ಟಾ ಸ್ಪೈಡರ್‌ನಂಥ ಕಾರುಗಳ ಬಾಡಿಯನ್ನು ಸಾವಿರಗಟ್ಟಲೆ ಮಾಡಿಕೊಡುವಂತೆ ತಮ್ಮ ವರ್ಕ್‌ಶಾಪನ್ನು ಕಾರ್ಖಾನೆಯಾಗಿ ಬೆಳೆಸಿದರು. ಇನ್ನೊಂದು, ಬಾಡಿಯನ್ನು ಮಾರುವುದರ ಜೊತೆಗೆ ಆಕಾರವನ್ನು ಮಾರತೊಡಗಿದರು. ಅಂದರೆ ದೊಡ್ಡ ಕಂಪನಿಗಳು ತಮ್ಮ ಪ್ರೆಸ್ಸಿನಲ್ಲಿ ಒತ್ತುವ ಕಾರಿಗೆ ವಿನ್ಯಾಸವನ್ನು ಇವರಿಂದ ಕೊಳ್ಳುತ್ತಿದ್ದವು. ಸುತ್ತಿಗೆ ಹಿಡಿದಿದ್ದ ಕೈ ಸೇವಾ ವ್ಯಾಪಾರಕ್ಕೆ ಬಂತು.

ಇಲ್ಲಿಂದ ನಮ್ಮ ವಿಷಯದ ಮುಖ್ಯ ಭಾಗ. 1955ರಲ್ಲಿ ಅವರು ಟ್ಯೂರಿನ್ ಪ್ರದರ್ಶನದಲ್ಲಿ ಫ್ಲೋರಿಡಾ ಎಂಬ ಕಾರು ತೋರಿಸಿದರು. ಉಬ್ಬುಗಳಿಲ್ಲದ ನೇರ ಗೆರೆ, ಸಪಾಟು ಪಕ್ಕ, ತೆಳುವಾದ ಕಂಬಗಳ ಮೇಲೆ ದೊಡ್ಡ ಗಾಜು. 1957ರ ಲಾನ್ಚಿಯಾ ಫ್ಲಾಮಿನಿಯಾ ಅದರಿಂದಲೇ ಬಂತು. ಆಗಲೇ ಬ್ರಿಟನ್ನಿನ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದರೆ ಬಿಎಂಸಿ, ಮತ್ತು ಫ್ರಾನ್ಸಿನ ಪೆಝೊ ಕಂಪನಿಗಳಿಗೂ ಅವರು ವಿನ್ಯಾಸ ಮಾಡಿಕೊಡುತ್ತಿದ್ದರು. 1958ರ ಕೊನೆಯಿಂದ ಬಂದ ಬಿಎಂಸಿ ಕಾರುಗಳನ್ನೂ 1960ರ ಪೆಝೊ 404 ಅನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದೇ ತಾಯಿಯ ಮಕ್ಕಳು ಎನ್ನಬೇಕು. ಅದೇ ಚೌಕ ಮೈ, ಹಿಂದೆ ಅದೇ ಮೊನಚಾದ ರೆಕ್ಕೆ. 1959ರಲ್ಲಿ ಫಿಯೆಟ್ ಕಂಪನಿ ತಾನೇ ರೂಪಿಸಿದ 1800 ಕಾರಿನಲ್ಲೂ ಅದೇ ಛಾಯೆ ಕಾಣುತ್ತದೆ. ಇಟಲಿ, ಫ್ರಾನ್ಸ್, ಬ್ರಿಟನ್ ಮೂರು ದೇಶಗಳು, ಒಂದೇ ಮುಖ.

ಬಿಎಂಸಿ ಇನ್ನೂ ಮುಂದೆ ಹೋಯಿತು. 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಗುಂಪುಗಳು ಸೇರಿ ಆದ ಕಂಪನಿ ಅದು. ಹಳೆಯ ಹೆಸರುಗಳಿಗೆ ಬೇರೆ ಬೇರೆ ಗಿರಾಕಿಗಳು, ಬೇರೆ ಬೇರೆ ಡೀಲರುಗಳು ಇದ್ದರು. ಯಾರನ್ನೂ ಕಳೆದುಕೊಳ್ಳಲು ಇಷ್ಟವಿಲ್ಲ, ಐದು ಬಾಡಿಗೆ ಐದು ಜೊತೆ ಡೈ ಮಾಡಿಸಲು ದುಡ್ಡು ಹಾಕಲೂ ಇಷ್ಟವಿಲ್ಲ. ಹಾಗಾಗಿ ಪಿನಿನ್ ಮಾಡಿದ ಒಂದೇ ಬಾಡಿಯನ್ನು ಆಸ್ಟಿನ್, ಮಾರಿಸ್, ಎಂಜಿ, ರೈಲಿ, ವುಲ್ಸ್‌ಲಿ ಎಂಬ ಐದು ಹೆಸರುಗಳಲ್ಲಿ ಮಾರಿದರು. ಮುಂದಿನ ಗ್ರಿಲ್, ಒಳಗಿನ ಮರ ಮತ್ತು ಸೀಟು, ಸಣ್ಣಪುಟ್ಟ ಅಲಂಕಾರ ಮಾತ್ರ ಬೇರೆ. ಇದನ್ನು ಬ್ಯಾಡ್ಜ್ ಎಂಜಿನಿಯರಿಂಗ್ ಎನ್ನುತ್ತಾರೆ. ಒಂದೇ ಥರ ಕಾಣಲು ಇದು ಮೂರನೇ ಕಾರಣ.

ಇದರಲ್ಲಿ ನಮ್ಮ ದೇಶದ ಒಂದು ಕೊಂಡಿಯೂ ಇದೆ. ನಮ್ಮ ಅಂಬಾಸಿಡರ್ ಕಾರು ಮಾರಿಸ್ ಆಕ್ಸ್‌ಫರ್ಡ್ ಸರಣಿ 3ರಿಂದ ಬಂದದ್ದು. ಬ್ರಿಟನ್ನಿನಲ್ಲಿ 1959ರಲ್ಲಿ ಆ ಆಕ್ಸ್‌ಫರ್ಡ್ ತನ್ನ ಗುಂಡು ಮೈ ಕಳೆದುಕೊಂಡು ಪಿನಿನ್ ಕೊಟ್ಟ ಚೌಕ ಮೈ ಪಡೆಯಿತು. ನಮ್ಮಲ್ಲಿ ಹಳೆಯ ಡೈಗಳೇ ಉಳಿದವು. ಅದೇ ಗುಂಡು ಕಾರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯಿತು. ಅಂಬಾಸಿಡರನ್ನು ದೂರದಿಂದಲೇ ಗುರುತಿಸಬಹುದಿತ್ತು. ಆದರೆ ಅದು ಹಾಗೆ ಉಳಿದದ್ದು ನಾವು ಭಿನ್ನತೆಯನ್ನು ಪ್ರೀತಿಸಿದ್ದಕ್ಕಲ್ಲ. ಹಲವು ದಶಕಗಳ ಕಾಲ ಕೊಳ್ಳುವವರಿಗೆ ಆಯ್ಕೆಯೇ ಹೆಚ್ಚು ಇರಲಿಲ್ಲ. ಸ್ಪರ್ಧೆ ಇಲ್ಲದ ಕಡೆ ಹಳೆಯ ಮುಖ ಉಳಿಯುತ್ತದೆ, ಸ್ಪರ್ಧೆ ಹೆಚ್ಚಾದ ಕಡೆ ಎಲ್ಲರ ಮುಖವೂ ಹತ್ತಿರವಾಗುತ್ತದೆ. ನಾವು ಅಂದುಕೊಳ್ಳುವುದಕ್ಕೆ ಇದು ಉಲ್ಟಾ.

ಹಾಗೆಂದು ಪಿನಿನ್ ಬೇರೆ ದಾರಿ ಹುಡುಕಲಿಲ್ಲ ಎನ್ನುವಂತಿಲ್ಲ. 1960ರಲ್ಲಿ ಟ್ಯೂರಿನ್ ಪಾಲಿಟೆಕ್ನಿಕ್‌ನ ಪ್ರೊಫೆಸರ್ ಆಲ್ಬೆರ್ತೊ ಮೊರೆಲ್ಲಿ ಜೊತೆ ಸೇರಿ ಎಕ್ಸ್ ಎಂಬ ವಿಚಿತ್ರ ಕಾರು ಮಾಡಿದರು. ಅದರ ನಾಲ್ಕು ಚಕ್ರಗಳು ಇಸ್ಪೀಟಿನ ಡೈಮಂಡ್ ಆಕಾರದಲ್ಲಿದ್ದವು: ಮುಂದೊಂದು, ಪಕ್ಕಕ್ಕೆ ಎರಡು, ಹಿಂದೊಂದು. ಗಾಳಿಯನ್ನು ಸುಲಭವಾಗಿ ಸೀಳಿ ಹೋಗಲೆಂದು ಹೀಗೆ. ಬೇರೆ ಯಾವ ಕಾರಿಗೂ ಹೋಲಿಕೆಯೇ ಇಲ್ಲ. ಅದನ್ನು ತಯಾರಿಸಲು ಯಾವ ಕಂಪನಿಯೂ ಮುಂದೆ ಬರಲಿಲ್ಲ. ಪೆಝೊ 404 ಮಾತ್ರ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಒಬ್ಬರೇ ಮನುಷ್ಯ, ಒಂದೇ ವರ್ಷ. ಎಲ್ಲರಂತಿದ್ದ ಕಾರನ್ನು ಜನ ಕೊಂಡರು, ಯಾರಂತೆಯೂ ಇಲ್ಲದ ಕಾರನ್ನು ನೋಡಿ ಮುಂದೆ ಹೋದರು.

1961ರಲ್ಲಿ ಇಟಲಿಯ ರಾಷ್ಟ್ರಪತಿಗಳ ಆದೇಶದಿಂದ ಕುಟುಂಬದ ಹೆಸರೇ ಬದಲಾಯಿತು. ಪಿನಿನ್ ಎಂಬ ಮುದ್ದಿನ ಹೆಸರೂ ಫರೀನಾ ಎಂಬ ಮನೆತನದ ಹೆಸರೂ ಸೇರಿ ಪಿನಿನ್‌ಫರೀನಾ ಎಂಬ ಒಂದೇ ಹೆಸರಾಯಿತು. ಆ ಹೊತ್ತಿಗೆ ಕಂಪನಿಯ ಆಡಳಿತವನ್ನು ಮಗ ಸೆರ್ಜಿಯೊ ಮತ್ತು ಅಳಿಯ ರೆಂಜೊ ಕಾರ್ಲಿಗೆ ವಹಿಸಿದ್ದರು. 1966ರ ಏಪ್ರಿಲ್ 3ರಂದು ಸ್ವಿಟ್ಜರ್ಲೆಂಡಿನ ಲೊಝಾನ್‌ನಲ್ಲಿ, ಎಪ್ಪತ್ತೆರಡನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮಗ 1972ರಲ್ಲಿ ಪೂರ್ತಿ ಗಾತ್ರದ ಕಾರನ್ನೇ ನಿಲ್ಲಿಸಿ ಗಾಳಿ ಬೀಸಿ ಪರೀಕ್ಷಿಸುವ ಸುರಂಗ ಕಟ್ಟಿಸಿದರು. ಮರುವರ್ಷ ಪೆಟ್ರೋಲ್ ಬಿಕ್ಕಟ್ಟು ಬಂತು. ಪೆಟ್ರೋಲ್ ಉಳಿಸಬೇಕಾದರೆ ಗಾಳಿಯ ತಡೆ ಕಡಿಮೆ ಮಾಡಬೇಕು, ಗಾಳಿಯ ನಿಯಮ ಎಲ್ಲ ಕಂಪನಿಗೂ ಒಂದೇ. ಪರೀಕ್ಷೆಯ ಪ್ರಶ್ನೆ ಒಂದೇ ಆದಾಗ ಸರಿ ಉತ್ತರವೂ ಒಂದೇ ಆಗುವುದು ಸಹಜ.

ಇಂದು ಇದಕ್ಕೆ ಇನ್ನೂ ಕೆಲವು ಕಾರಣಗಳು ಸೇರಿವೆ. ಪಾದಚಾರಿಗೆ ಕಾರು ಬಡಿದರೆ ತಲೆ ಎಂಜಿನ್ನಿಗೆ ಅಪ್ಪಳಿಸದಂತೆ ಬಾನೆಟ್ ಮತ್ತು ಎಂಜಿನ್ ನಡುವೆ ಜಾಗ ಬಿಡಬೇಕು, ಹಾಗಾಗಿ ಬಾನೆಟ್ ಎತ್ತರವಾಗಿದೆ. ನಮ್ಮ ದೇಶದಲ್ಲಿ 2006ರ ಬಜೆಟ್ಟಿನಿಂದ ನಾಲ್ಕು ಮೀಟರ್ ಒಳಗಿನ ಸಣ್ಣ ಕಾರಿಗೆ ತೆರಿಗೆ ಕಡಿಮೆ. ಆದ್ದರಿಂದ ಎಷ್ಟೋ ಕಾರುಗಳ ಹಿಂಭಾಗವನ್ನು ಕತ್ತರಿಸಿ ಕುಳ್ಳ ಮಾಡಿದರು. ಇಲ್ಲಿ ಕಾರಿನ ಉದ್ದ ನಿರ್ಧರಿಸಿದ್ದು ಚಿತ್ರ ಬರೆಯುವವರಲ್ಲ, ತೆರಿಗೆ ಲೆಕ್ಕ. ಬ್ಯಾಡ್ಜ್ ಎಂಜಿನಿಯರಿಂಗೂ ನಮ್ಮ ಕಣ್ಣೆದುರೇ ಇದೆ. ಮಾರುತಿಯ ಬಲೆನೊ ಟೊಯೋಟಾದಲ್ಲಿ ಗ್ಲಾಂಜಾ ಆಗುತ್ತದೆ. ಮಾರುತಿಯ ಗ್ರಾಂಡ್ ವಿಟಾರಾ ಮತ್ತು ಟೊಯೋಟಾದ ಹೈರೈಡರ್ ಎರಡೂ ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಿಂದಲೇ ಹೊರಬಂದಿವೆ. ಪಿನಿನ್ ಕಟ್ಟಿದ ಕಂಪನಿಯನ್ನೂ 2015ರಲ್ಲಿ ಭಾರತದ ಮಹೀಂದ್ರ ಸಮೂಹ ಕೊಳ್ಳಲು ಒಪ್ಪಂದ ಮಾಡಿಕೊಂಡಿತು.

ಒಂದೇ ತರಹದ ಕಾರುಗಳನ್ನು ನೋಡಿ, ಮಾಡುವವರಿಗೆ ಕಲ್ಪನೆಯೇ ಇಲ್ಲ ಎಂದು ಹಲವರು ಹೇಳುತ್ತಾರೆ. ಪಿನಿನ್ ಜೀವನ ಓದಿದ ಮೇಲೆ ನಾನು ಹಾಗೆ ಹೇಳಲಾರೆ. ಕಲ್ಪನೆ ಅವರಲ್ಲಿ ಎಲ್ಲರಿಗಿಂತ ಹೆಚ್ಚಿತ್ತು. ಡೈಗಳ ವೆಚ್ಚ, ಗಾಳಿಯ ನಿಯಮ, ಗಿರಾಕಿಯ ಭಯ ಇವು ಅದನ್ನು ಒಂದು ಕಡೆಗೆ ತಳ್ಳಿದವು. ಅವರು ಒಪ್ಪದಿದ್ದರೆ ಅಣ್ಣನ ಕಂಪನಿಯ ಹಾಗೆ ಅವರದೂ ಮುಚ್ಚುತ್ತಿತ್ತೇನೋ. ಒಪ್ಪಿದ್ದರಿಂದ ಫೆರಾರಿ ಕೊಳ್ಳಲಾಗದ ಶಾಲಾ ಮೇಷ್ಟರು, ಟ್ಯಾಕ್ಸಿ ಓಡಿಸುವವರು ಕೂಡ ಒಬ್ಬ ದೊಡ್ಡ ಕಲೆಗಾರ ರೂಪಿಸಿದ ಕಾರಿನಲ್ಲಿ ಕುಳಿತರು. ಇದು ಲಾಭದ ಬದಿ. ನಷ್ಟದ ಬದಿಯಲ್ಲಿ ತಗಡಿನ ಮೇಲೆ ಅಂಗೈ ಆಡಿಸಿ ಸರಿತಪ್ಪು ಹೇಳುತ್ತಿದ್ದ ಸಾವಿರಾರು ಕೈಗಳು ಕೆಲಸ ಕಳೆದುಕೊಂಡವು. ಅವರ ಹೆಸರು ಯಾವ ಕಾರಿನ ಮೇಲೂ ಇಲ್ಲ. ಬ್ಯಾಲೆನ್ಸ್ ಶೀಟ್ ಬರೆಯುವಾಗ ಎರಡೂ ಬದಿ ಬರೆಯಬೇಕು ಎಂದು ನಮಗೆ ಕಲಿಸಿದ್ದಾರೆ.

ನನ್ನ ಭಾಯಿಗೆ ನಾನು ಪಿನಿನ್ ಕಥೆ ಹೇಳಿದ್ದೇನೆ. ಸುತ್ತಿಗೆಯ ಕೆಲಸ ಕಲಿತದ್ದು ವ್ಯರ್ಥವಲ್ಲ, ಆದರೆ ಆ ಕೈಗೆ ಇನ್ನೊಂದು ಕೆಲಸವನ್ನೂ ಕಲಿಸಬೇಕು ಎಂಬುದು ನನಗೆ ತೋಚಿದ ಪಾಠ. ಈಗ ಅವನು ಚಾಚಾ ಹತ್ತಿರ ಟಿಂಕರಿಂಗ್ ಕಲಿಯುತ್ತಲೇ ಸಂಜೆ ಕಂಪ್ಯೂಟರಿನಲ್ಲಿ ಡಿಸೈನ್ ಕಲಿಸುವ ತರಗತಿಗೆ ಸೇರಲು ವಿಚಾರಿಸುತ್ತಿದ್ದಾನೆ. ಫೀಸಿನ ಲೆಕ್ಕ ಹಾಕಿಕೊಡುವುದು ನನ್ನ ಪಾಲಿನ ಕೆಲಸ.